ಗುಲ್ದಾರ್ ಹತ್ತಿ ಇಳಿದವರ ಮಾತೂ ದಾಖಲಾಗಲಿ

ಮಾನ್ಯರೇ,

ಸೈನಿಕರನ್ನು ದಡಕ್ಕಿಳಿಸುತ್ತಿದ್ದ ನೌಕಾಪಡೆಯ ನಿವೃತ್ತ ನೌಕೆ ‘ಗುಲ್ದಾರ್’ ಅನ್ನು ಸಿಂಧುದುರ್ಗದ ಕಡಲಿನಲ್ಲಿ ಮುಳುಗಿಸಿ ನೀರಡಿಯ ವಸ್ತುಸಂಗ್ರಹಾಲಯ ಮಾಡಲು ಮಹಾರಾಷ್ಟ್ರ ಮುಂದಾಗಿರುವುದು ಸಂತಸದ ವಿಷಯ. ಪೋಲೆಂಡಿನಲ್ಲಿ ಕಟ್ಟಿದ ಚೀತಾ, ಗುಲ್ದಾರ್, ಕುಂಭೀರ್ ಮೂರೂ 2024ರ ಜನವರಿ 12ರಂದು ಪೋರ್ಟ್ ಬ್ಲೇರ್‌ನಲ್ಲಿ ಒಟ್ಟಿಗೇ ಸೇವೆ ಮುಗಿಸಿದವು. ಸುಮಾರು ನಾಲ್ಕು ದಶಕಗಳಲ್ಲಿ 1,300ಕ್ಕೂ ಹೆಚ್ಚು ಬಾರಿ ದಡಕ್ಕೇರಿ ಸೈನಿಕರನ್ನು ಇಳಿಸಿದ ಹಡಗುಗಳಿವು.

ಭೂಸೇನೆಯಲ್ಲಿದ್ದ ನಾನೂ ಅಂಡಮಾನ್‌ನಲ್ಲಿ ಹಾಗೆ ಇಳಿದವನು. ದಡಕ್ಕೇರಲೆಂದೇ ತಳ ಚಪ್ಪಟೆ. ಹೀಗಾಗಿ ಹೊಯ್ದಾಟ ಹೆಚ್ಚು. ಡೀಸೆಲ್ ವಾಸನೆಗೆ ಬಯಲುಸೀಮೆಯ ನಮ್ಮ ಹುಡುಗರು ವಾಂತಿ ಮಾಡಿಕೊಂಡು ಸೋತುಹೋಗುತ್ತಿದ್ದರು. ದಡಕ್ಕೆ ಮುನ್ನ ಹಿಂಬದಿಯ ಲಂಗರು ಬಿಡುತ್ತಿದ್ದರು. ಮೂತಿ ಮರಳಿಗೆ ತಾಗಿ ಬಾಗಿಲು ತೆರೆದೊಡನೆ ಕಣ್ಣು ಕುಕ್ಕುವ ಬೆಳಕು, ಮೊಣಕಾಲುದ್ದ ನೀರು, ಓಟ! ನಾವು ಇಳಿದ ಮೇಲೆ ಅದೇ ಲಂಗರನ್ನು ಜಗ್ಗಿಕೊಂಡು ಹಡಗು ಹಿಂದೆ ಸರಿಯುತ್ತಿತ್ತು.

ನೀರಡಿಗೆ ಇಳಿದು ನೋಡುವುದು ಎಲ್ಲರಿಂದಾಗದು. ಚಪಲ್ ನೌಕೆಯಿರುವ ಕಾರವಾರದ ಸಂಗ್ರಹಾಲಯದಲ್ಲಿ ಕನ್ನಡ ವಿವರಣೆಯೊಂದಿಗೆ ಗುಲ್ದಾರ್ ಮಾದರಿಯೊಂದನ್ನು ಇಡಬೇಕು. ಬೆಳಗಾವಿ ಜಿಲ್ಲೆಯ ಊರೂರಿನಲ್ಲೂ ಮಾಜಿ ಸೈನಿಕರಿದ್ದೇವೆ, ವಯಸ್ಸಾಗುತ್ತಿದೆ. ಸೈನಿಕ ಕಲ್ಯಾಣ ಇಲಾಖೆ ತಡಮಾಡದೆ ನಮ್ಮ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳಲಿ.

– ಮಾಜಿ ಸೈನಿಕ, ಬೈಲಹೊಂಗಲ