ಹೊಂಡಕ್ಕೆ ಔಷಧ ಸುರಿಯುವ ಮುನ್ನ

ಸಾಕಿದ ಮೀನಿಗೆ ಕಾಯಿಲೆ ಬಂದಾಗ ಪರೀಕ್ಷೆ ಮಾಡಿಸದೆ ಆಂಟಿಬಯೋಟಿಕ್ ಹಾಕುವುದು ನಿಲ್ಲಬೇಕು. ಹೆಸರಘಟ್ಟದ ಕಡೆ ನಮ್ಮ ನೆಂಟರ ಹೊಂಡದಲ್ಲಿ ಕಾಟ್ಲಾ ಮೀನುಗಳ ಹೊಟ್ಟೆ ಉಬ್ಬಿ, ಮೈಮೇಲೆ ಕೆಂಪು ಹುಣ್ಣು ಎದ್ದಿತ್ತು. ಅಂಗಡಿಯವರು ಕೊಟ್ಟ ಪುಡಿಯನ್ನು ಮೇವಿಗೆ ಕಲಸಿ ಹಾಕಿದರು. ಪೊಟ್ಟಣದ ಮೇಲೆ ಔಷಧದ ಹೆಸರೂ ಇರಲಿಲ್ಲ. ಕಾಯಿಲೆ ಜಾಸ್ತಿಯಾದ ಮೀನು ಮೇವನ್ನೇ ಸರಿಯಾಗಿ ಮುಟ್ಟುವುದಿಲ್ಲ. ಔಷಧ ಸುಮ್ನೆ ನೀರಿಗೆ, ಕೆಸರಿಗೆ ಸೇರುತ್ತದೆ. ಏರೋಮೊನಾಸ್‌ನಂತಹ ಬ್ಯಾಕ್ಟೀರಿಯಾಗಳು ಅಲ್ಲೇ ಔಷಧಕ್ಕೆ ಜಗ್ಗದಂತಾಗಿ, ಆ ಗುಣವನ್ನು ಮನುಷ್ಯರನ್ನು ಕಾಡುವ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ನಾಳೆ ನಮ್ಮ ಮಕ್ಕಳಿಗೆ ಬ್ಯಾಕ್ಟೀರಿಯಾದಿಂದ ಜ್ವರ ಬಂದರೆ ಬೇಕಾಗುವುದೂ ಇಂಥವೇ ಔಷಧಗಳು ಅಲ್ವಾ? ಮೀನುಗಾರಿಕೆ ಇಲಾಖೆಯು ಬೆಂಗಳೂರು ಸುತ್ತಲಿನ ಹೊಂಡಗಳ ಬಳಿಗೇ ಪರೀಕ್ಷಾ ವಾಹನ ಕಳಿಸಲಿ. ಯಾವ ಔಷಧ ನಾಟುತ್ತದೆ, ಔಷಧವೇ ಬೇಕಾ ಎಂಬ ವರದಿ ಸಾಕಣೆದಾರರಿಗೆ ಬೇಗ ಸಿಗಲಿ.

– ಒಬ್ಬ ಓದುಗ, ಯಲಹಂಕ, ಬೆಂಗಳೂರು