ಜುಲೈನಿಂದ ಕಾರ್ಯಾಗಾರದ ಕ್ರಮ ಬದಲು: ನಮ್ಮ ಗ್ರಾಹಕ ಕಾಲೇಜುಗಳಿಗೆ ಪತ್ರ

ಮಾನ್ಯ ಪ್ರಾಂಶುಪಾಲರೇ, ಗ್ರಂಥಪಾಲಕರೇ, ಪ್ರಾಜೆಕ್ಟ್ ಮಾರ್ಗದರ್ಶಕರೇ,

ನಮಸ್ಕಾರ. ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನಮ್ಮ ಸಹಕಾರ ಸಂಘ ಆನ್‌ಲೈನಿನಲ್ಲಿ ನಡೆಸುವ ಗ್ರಂಥಾಲಯ ಸಂಶೋಧನಾ ಕೌಶಲ ಕಾರ್ಯಾಗಾರದ ಕ್ರಮ ಬರುವ ಜುಲೈ 1ರಿಂದ ಬದಲಾಗುತ್ತದೆ. ಇನ್ನೂರು ಮಕ್ಕಳನ್ನು ಒಂದೇ ವಿಡಿಯೊ ಕರೆಗೆ ಸೇರಿಸಿ ಮೂರು ಗಂಟೆ ಮಾಡುತ್ತಿದ್ದ ಉಪನ್ಯಾಸವನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ವಾರಕ್ಕೊಂದರಂತೆ ನಾಲ್ಕು ತರಗತಿ, ಒಂದೊಂದೂ 90 ನಿಮಿಷ. ಒಂದು ತಂಡದಲ್ಲಿ ಹೆಚ್ಚೆಂದರೆ 24 ವಿದ್ಯಾರ್ಥಿಗಳು. ಪ್ರತಿಯೊಬ್ಬರೂ ತಮ್ಮ ಪ್ರಾಜೆಕ್ಟಿನ ವಿಷಯವನ್ನೇ ಹಿಡಿದು ಬರಬೇಕು, ಅದರ ಮೇಲೆಯೇ ಕೆಲಸ ಮಾಡಬೇಕು.

ಹುಡುಕುವುದು ನೋಡಿ ಕಲಿಯುವ ವಿದ್ಯೆಯಲ್ಲ. ನಾವು ಮೊದಲೇ ಆರಿಸಿಟ್ಟ ಪದಗಳನ್ನು ಪರದೆಯ ಮೇಲೆ ಹಾಕಿದರೆ ಬೇಕಾದ ಲೇಖನ ಮೊದಲ ಸಾಲಿನಲ್ಲೇ ಬಂದು ಕೂರುತ್ತದೆ, ನೋಡುವವರಿಗೆ ಎಲ್ಲವೂ ಸಲೀಸು ಅನ್ನಿಸುತ್ತದೆ. ಅದೇ ವಿದ್ಯಾರ್ಥಿ ರೂಮಿಗೆ ಹೋಗಿ ತನ್ನ ವಿಷಯ ಹಾಕಿದಾಗ ಸಾವಿರಾರು ಫಲಿತಾಂಶ ಬರುತ್ತವೆ, ಇಲ್ಲವೇ ಒಂದೂ ಬರುವುದಿಲ್ಲ. ಕಲಿಸಬೇಕಾದದ್ದು ಆ ಗಳಿಗೆಯಲ್ಲಿ ಏನು ಮಾಡಬೇಕು ಎಂಬುದನ್ನು. ಒಬ್ಬೊಬ್ಬರ ವಿಷಯಕ್ಕೂ ಅದು ಬೇರೆ ಬೇರೆಯಾದ್ದರಿಂದ ಇನ್ನೂರು ಜನಕ್ಕೆ ಒಟ್ಟಿಗೆ ಹೇಳಿಕೊಡಲು ಬರುವುದಿಲ್ಲ.

ಮೊದಲ ವಾರ ಪೂರ್ತಿ ಪದಗಳಿಗೇ ಮೀಸಲು. ಇದಕ್ಕೆ 90 ನಿಮಿಷ ಬೇಕೇ ಎಂದು ಕೆಲವರು ಕೇಳಬಹುದು, ಖಂಡಿತ ಬೇಕು. ‘ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಮತ್ತು ಮನುಷ್ಯರ ಆರೋಗ್ಯದ ಮೇಲೆ ಅದರ ಪರಿಣಾಮ: ಒಂದು ಅಧ್ಯಯನ’ ಎಂಬ ಪ್ರಾಜೆಕ್ಟನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿ ಈ ಶೀರ್ಷಿಕೆಯನ್ನು ಇಂಗ್ಲಿಷಿನಲ್ಲಿ ಇಡಿಯಾಗಿ ಹುಡುಕುವ ಪೆಟ್ಟಿಗೆಗೆ ಸುರಿಯುತ್ತಾನೆ. ‘ಅಧ್ಯಯನ’, ‘ಪರಿಣಾಮ’ ಎಂಬ ಪದಗಳಿಲ್ಲದ ಒಳ್ಳೆಯ ಲೇಖನಗಳು ಅಲ್ಲೇ ಕೆಳಗೆ ಸರಿದುಹೋಗುತ್ತವೆ. ಇದನ್ನು ಮೂರು ತುಂಡು ಮಾಡಬೇಕು: ವಸ್ತು, ನೀರು, ಊರು. ಆಮೇಲೆ ಒಂದೊಂದಕ್ಕೂ ಬೇರೆಯವರು ಯಾವ ಪದ ಬಳಸಿರಬಹುದು ಎಂದು ಪಟ್ಟಿ ಮಾಡಬೇಕು. ಫ್ಲೋರೈಡ್ ಜೊತೆಗೆ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆಗೆ ಬರುವ ರೋಗ. ‘ಗ್ರೌಂಡ್‌ವಾಟರ್’ ಕೆಲವರಿಗೆ ಒಂದು ಪದ, ಕೆಲವರಿಗೆ ಎರಡು. ಬೋರ್‌ವೆಲ್ಲಿನದೂ ಅದೇ ಕಥೆ. ಫ್ಲೋರೈಡ್ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಯು ಮತ್ತು ಓ ಅಕ್ಷರಗಳು ಅದಲುಬದಲಾಗುವುದು ತೀರಾ ಸಾಮಾನ್ಯ, ಅಚ್ಚಾದ ಲೇಖನಗಳ ಶೀರ್ಷಿಕೆಯಲ್ಲೂ ಆ ತಪ್ಪು ಇದೆ. ಹಾಗಾಗಿ ತಪ್ಪು ಕಾಗುಣಿತದಲ್ಲೂ ಒಮ್ಮೆ ಹುಡುಕಬೇಕು.

ಊರಿನ ಹೆಸರಿನಲ್ಲಿ ಇನ್ನೂ ದೊಡ್ಡ ತೊಡಕಿದೆ. ಬಾಗೇಪಲ್ಲಿ, ಚಿಂತಾಮಣಿ, ಗೌರಿಬಿದನೂರು, ಗುಡಿಬಂಡೆ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದವು. ಅದಕ್ಕೂ ಹಿಂದಿನ ಲೇಖನ ‘ಕೋಲಾರ ಜಿಲ್ಲೆ’ ಎಂದಿದ್ದರೆ ನೀರಿನ ಮಾದರಿ ಬಾಗೇಪಲ್ಲಿಯದ್ದಿರಬಹುದು. ಅದನ್ನು ಗಮನಿಸದೆ ಆ ಅಂಕಿಗಳನ್ನು ಇಂದಿನ ಕೋಲಾರದ ಅಂಕಿಗಳ ಪಕ್ಕ ಇಟ್ಟು ‘ಫ್ಲೋರೈಡ್ ಕಡಿಮೆಯಾಗಿದೆ’ ಎಂದು ಬರೆದರೆ ಇಡೀ ಅಧ್ಯಾಯವೇ ತಪ್ಪಾಗುತ್ತದೆ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದದ್ದೂ ಹೀಗೆಯೇ ಕಾಡುತ್ತದೆ. ‘ಕಲಬುರಗಿ’ ಎಂದಷ್ಟೇ ಹುಡುಕಿದವರಿಗೆ ‘ಗುಲ್ಬರ್ಗಾ’ ಎಂದು ಬರೆದಿದ್ದ ದಶಕಗಳ ಸಾಹಿತ್ಯ ಕಾಣುವುದೇ ಇಲ್ಲ. ಬೆಳಗಾವಿ, ವಿಜಯಪುರ, ಬಳ್ಳಾರಿ, ಶಿವಮೊಗ್ಗ, ತುಮಕೂರು ವಿಷಯದಲ್ಲೂ ಎರಡೂ ಹೆಸರು ಹಾಕಲೇಬೇಕು.

ಪದಗಳನ್ನು ಜೋಡಿಸುವ ನಿಯಮ ಎಲ್ಲ ಕಡೆ ಒಂದೇ ಅಲ್ಲ. ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರಿನಲ್ಲಿ ಎರಡು ಪದಗಳ ನಡುವೆ ಜಾಗ ಬಿಟ್ಟರೆ ಎರಡೂ ಬೇಕು ಎಂದರ್ಥ. ಇದು ಅಥವಾ ಅದು ಎನ್ನಲು ‘ಆರ್’ ಅನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಬರೆಯಬೇಕು, ಬೇಡದ ಪದ ಶುರುವಾಗುವ ಮೊದಲು ಮೈನಸ್ ಗುರುತು ಹಾಕಬೇಕು. ಪದದ ಕೊನೆಗೆ ನಕ್ಷತ್ರ ಹಾಕಿ ಅದರ ಎಲ್ಲ ರೂಪಗಳನ್ನೂ ತರಿಸುವ ಕ್ರಮ ಪಬ್‌ಮೆಡ್, ಜೆಸ್ಟೋರ್‌ ಎಂಬ ಲೇಖನ ಹುಡುಕುವ ತಾಣಗಳಲ್ಲಿ ನಡೆಯುತ್ತದೆ, ಸ್ಕಾಲರಿನಲ್ಲಿ ನಡೆಯುವುದಿಲ್ಲ. ಫಲಿತಾಂಶ ಐನೂರು ದಾಟಿದರೆ ಇನ್ನೊಂದು ತುಂಡು ಸೇರಿಸಿ, ಹತ್ತಕ್ಕಿಂತ ಕಡಿಮೆ ಬಂದರೆ ಊರಿನ ಹೆಸರು ತೆಗೆದು ಜಿಲ್ಲೆ ಅಥವಾ ರಾಜ್ಯ ಹಾಕಿ: ನಾವು ಹೇಳಿಕೊಡುವ ಅಳತೆ ಇಷ್ಟೇ. ಪ್ರತಿ ಸಲವೂ ದಿನಾಂಕ, ಹುಡುಕಿದ ಜಾಗ, ಹಾಕಿದ ಪದಗಳು ಹಾಕಿದ ಹಾಗೆಯೇ, ಬಂದ ಸಂಖ್ಯೆ, ಇಟ್ಟುಕೊಂಡ ಲೇಖನ ಎಂಬ ಐದು ಕಲಮುಗಳಲ್ಲಿ ಬರೆದಿಡಬೇಕು. ಈ ಹುಡುಕಾಟದ ದಾಖಲೆಯೇ ಮುಂದೆ ಪ್ರಮಾಣಪತ್ರಕ್ಕೂ ಆಧಾರ.

ಎರಡನೇ ವಾರ ಎಲ್ಲಿ ಹುಡುಕಬೇಕು ಎಂಬುದು. ಗಾಂಧಿನಗರದ ಗ್ರಂಥಾಲಯ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ (ಪಿಎಚ್.ಡಿ. ಮಹಾಪ್ರಬಂಧಗಳ ಭಂಡಾರ), ಎನ್-ಲಿಸ್ಟ್ (ಸದಸ್ಯ ಕಾಲೇಜುಗಳಿಗೆ ಇ-ನಿಯತಕಾಲಿಕೆ, ಇ-ಪುಸ್ತಕ ಒದಗಿಸುವ ಸೇವೆ), ಖರಗ್‌ಪುರ ಐಐಟಿಯ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಗೂಗಲ್ ಸ್ಕಾಲರ್, ಇಷ್ಟು ಸಾಕು. ಶೋಧಗಂಗಾದಲ್ಲಿ ಪಿಎಚ್‌.ಡಿ. ಮಹಾಪ್ರಬಂಧ ಒಂದೇ ಕಡತವಾಗಿರದೆ ಅಧ್ಯಾಯಕ್ಕೊಂದು ಪಿಡಿಎಫ್ ಆಗಿರುತ್ತದೆ. ಮಕ್ಕಳು ಮೊದಲನೆಯದನ್ನು ತೆರೆದು, ಬರೀ ಶೀರ್ಷಿಕೆ ಪುಟ ಕಂಡು, ಏನೂ ಇಲ್ಲವೆಂದು ಮುಚ್ಚಿಬಿಡುತ್ತಾರೆ. ಪೂರ್ವಸಾಹಿತ್ಯ ವಿಮರ್ಶೆಯ ಅಧ್ಯಾಯವನ್ನೂ ಗ್ರಂಥಋಣವನ್ನೂ ಮೊದಲು ತೆರೆಯಲು ಹೇಳಿ. ಅಲ್ಲಿ ಸಿಕ್ಕ ಹಳೆಯ ಲೇಖನದ ಹೆಸರನ್ನು ಸ್ಕಾಲರಿನಲ್ಲಿ ಹಾಕಿ, ಅದನ್ನು ಉಲ್ಲೇಖಿಸಿದವರು ಯಾರು ಎಂಬ ಕೊಂಡಿ ಒತ್ತಿದರೆ ಅದೇ ವಿಷಯದ ಹೊಸ ಲೇಖನಗಳು ಸಾಲಾಗಿ ಬರುತ್ತವೆ. ಹಣ ಕೇಳುವ ಪುಟ ಎದುರಾದರೆ ‘ಎಲ್ಲ ಆವೃತ್ತಿಗಳು’ ಎಂಬ ಕೊಂಡಿ ನೋಡಬೇಕು. ಲೇಖಕರೇ ತಮ್ಮ ವಿಶ್ವವಿದ್ಯಾಲಯದ ಭಂಡಾರದಲ್ಲಿ ಇಟ್ಟ ಉಚಿತ ಪ್ರತಿ ಹಲವು ಸಲ ಅಲ್ಲಿರುತ್ತದೆ.

ಸಂಶೋಧನಾ ನಿಯತಕಾಲಿಕೆಗಳನ್ನು ಸರ್ಕಾರದ ಚಂದಾದಲ್ಲಿ ಓದಲು ಕೊಡುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯ ಬಗ್ಗೆ ಸ್ಪಷ್ಟವಾಗಿರಲಿ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ಈ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಇದರಲ್ಲಿವೆ. ಆದರೆ ಇದು ಕೇಂದ್ರ, ರಾಜ್ಯ ಸರ್ಕಾರಗಳ ಆಡಳಿತದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆಂದು ಬಂದದ್ದು. ಹಾಗಾಗಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ತಂಡಕ್ಕೂ ಖಾಸಗಿ ಕಾಲೇಜಿನ ತಂಡಕ್ಕೂ ಎರಡನೇ ವಾರದ ಅಭ್ಯಾಸ ಬೇರೆ ಬೇರೆ ಇರುತ್ತದೆ. ನಿಮ್ಮ ಕಾಲೇಜಿಗೆ ಯಾವುದು ತೆರೆದಿದೆ ಎಂದು ಮೊದಲೇ ತಿಳಿಸಿದರೆ, ತೆರೆಯದ ಬಾಗಿಲನ್ನು ತೋರಿಸಿ ಮಕ್ಕಳಿಗೆ ನಿರಾಸೆ ಮಾಡುವುದು ತಪ್ಪುತ್ತದೆ.

ಮೂರನೇ ವಾರ ಹೊಸದಾಗಿ ಸೇರಿದ್ದು, ಕನ್ನಡದ ಆಕರಗಳಿಗೆಂದೇ. ಕನ್ನಡ, ಇತಿಹಾಸ, ಜಾನಪದ, ಪತ್ರಿಕೋದ್ಯಮದ ಮಕ್ಕಳಿಗೆ ಹಿಂದಿನ ಉಪನ್ಯಾಸದಲ್ಲಿ ಐದು ನಿಮಿಷವೂ ಸಿಗುತ್ತಿರಲಿಲ್ಲ, ಅದು ಆಗಬಾರದಿತ್ತು. ಕನ್ನಡದ ಎಷ್ಟೋ ಮಹಾಪ್ರಬಂಧಗಳು, ಅಕ್ಷರಗಳಿಗೆ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಕೊಡುವ ಯೂನಿಕೋಡ್‌ಗೂ ಹಿಂದಿನ ಫಾಂಟುಗಳಲ್ಲಿ ಟೈಪಾಗಿವೆ. ಕಣ್ಣಿಗೆ ಕಾಣುವುದು ಕನ್ನಡ, ಕಂಪ್ಯೂಟರಿನ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಪರೀಕ್ಷೆ ಸುಲಭ: ಪಿಡಿಎಫ್‌ನ ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ ಹಳೆಯ ಫಾಂಟು. ಸಾಲು ಹಿಡಿಯಲೇ ಬರದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಕೊನೆಯ ಎರಡರಲ್ಲಿ ಒಳಗಿನ ಪದ ಹುಡುಕಿ ಫಲವಿಲ್ಲ. ಶೀರ್ಷಿಕೆ, ಸಂಶೋಧಕರು, ಮಾರ್ಗದರ್ಶಕರು, ವಿಭಾಗ, ಇವುಗಳಿಂದಲೇ ಹಿಡಿಯಬೇಕು, ಅದೂ ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಲಿಪಿಯಲ್ಲೊಮ್ಮೆ. ಚಿತ್ರದ ಪುಟಗಳನ್ನು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯವಾಗಿ ಸಿಗುತ್ತದೆ. ಒತ್ತಕ್ಷರಗಳನ್ನು ಮಾತ್ರ ಮೂಲದೊಂದಿಗೆ ಸಾಲುಸಾಲಾಗಿ ತಾಳೆ ನೋಡಲೇಬೇಕು.

ಯೂನಿಕೋಡ್ ಆಗಿದ್ದರೂ ಎರಡು ಸೂಕ್ಷ್ಮಗಳಿವೆ. ಅರ್ಕಾವತ್ತು ಕೊಟ್ಟು ಬರೆದ ‘ಕಾರ್ಯ’ವೂ ರ ಅಕ್ಷರಕ್ಕೆ ಯ ಒತ್ತು ಕೊಟ್ಟು ಬರೆದ ‘ಕಾರ‍್ಯ’ವೂ ನಮಗೆ ಒಂದೇ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿರುವುದರಿಂದ ಹಲವು ಹುಡುಕು ಪೆಟ್ಟಿಗೆಗಳಿಗೆ ಅವು ಬೇರೆ ಬೇರೆ ಪದ. ಇನ್ನೊಂದು, ವಿಭಕ್ತಿ. ಕೆರೆ, ಕೆರೆಯ, ಕೆರೆಗಳು, ಕೆರೆಗಳನ್ನು ಎಲ್ಲ ಒಂದೇ ಪದದ ರೂಪಗಳೆಂದು ಗ್ರಂಥಾಲಯದ ಸಾಮಾನ್ಯ ಕ್ಯಾಟಲಾಗಿಗೆ ತಿಳಿಯುವುದಿಲ್ಲ. ಮೂಲರೂಪದಿಂದ ಶುರುಮಾಡಿ ಷಷ್ಠಿ, ಬಹುವಚನ ರೂಪಗಳನ್ನೂ ಒಂದೊಂದಾಗಿ ಹಾಕಿ ನೋಡಬೇಕು.

ನಾಲ್ಕನೇ ವಾರ ಪರಿಶೀಲನೆ. ಈಗ ಇದಕ್ಕೆ ಹಿಂದೆಂದಿಗಿಂತ ಹೆಚ್ಚು ಹೊತ್ತು ಬೇಕು. ಚಾಟ್‌ಬಾಟನ್ನು ಕೇಳಿ ಪಡೆದ ಆಕರಪಟ್ಟಿಯಲ್ಲಿ ಕೆಲವೊಮ್ಮೆ ಲೇಖಕರ ಹೆಸರು ನಿಜ, ನಿಯತಕಾಲಿಕೆಯೂ ನಿಜ, ಸಂಪುಟದ ಸಂಖ್ಯೆಯೂ ನಂಬುವಂತಿರುತ್ತದೆ. ಆ ಲೇಖನ ಮಾತ್ರ ಎಲ್ಲೂ ಇರುವುದಿಲ್ಲ. 10 ಮತ್ತು ಚುಕ್ಕಿಯಿಂದ ಶುರುವಾಗುವ ಡಿಒಐ ಸಂಖ್ಯೆಯನ್ನು, ಅಂದರೆ ಲೇಖನದ ಸ್ಥಿರ ಗುರುತಿನ ಸಂಖ್ಯೆಯನ್ನು, ಡಿಒಐ ತಾಣದಲ್ಲಿ ಹಾಕಬೇಕು. ಪುಟ ತೆರೆದ ಮಾತ್ರಕ್ಕೆ ಮುಗಿಯಲಿಲ್ಲ, ತೆರೆದ ಪುಟದ ಶೀರ್ಷಿಕೆ ಪಟ್ಟಿಯ ಶೀರ್ಷಿಕೆಗೆ ಹೊಂದುತ್ತದೆಯೇ ಎಂದು ಓದಬೇಕು. ಬೇರೆ ಯಾವುದೋ ಲೇಖನದ ಸಂಖ್ಯೆ ಅಂಟಿಸಿರುವುದೂ ಉಂಟು. ಡಿಒಐ ಇಲ್ಲದ ಹಳೆಯ ಲೇಖನಕ್ಕೆ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಬೇಕು. ಅಂಕಿಗಳಿಗೂ ಇದೇ ಶಿಸ್ತು: ಕುಡಿಯುವ ನೀರಿನ ಫ್ಲೋರೈಡ್ ಮಿತಿ ಲೀಟರಿಗೆ 1.5 ಮಿಲಿಗ್ರಾಂ ಎಂದಷ್ಟೇ ಬರೆಯುತ್ತಾರೆ. ಭಾರತೀಯ ಮಾನದಂಡ ಐಎಸ್ 10500 ತೆರೆದರೆ ಸ್ವೀಕಾರಾರ್ಹ ಮಿತಿ 1.0, ಬೇರೆ ಜಲಮೂಲ ಇಲ್ಲದಿದ್ದಾಗ ಮಾತ್ರ 1.5 ಎಂದಿದೆ. ಈ ವ್ಯತ್ಯಾಸದಿಂದ ಎಷ್ಟು ಬೋರ್‌ವೆಲ್ ಸುರಕ್ಷಿತ ಎಂಬ ಲೆಕ್ಕವೇ ಬದಲಾಗುತ್ತದೆ.

ಇದೇ ದಿನ ಝೊಟೆರೊ ಎಂಬ ಉಚಿತ ತಂತ್ರಾಂಶದಲ್ಲಿ ಆಕರ ಜೋಡಿಸುವುದನ್ನೂ ಮಾಡಿಸುತ್ತೇವೆ. ನಮ್ಮ ಕಡೆಯ ಹೆಸರುಗಳು ಅದರಲ್ಲಿ ಎಡವುತ್ತವೆ. ಇನಿಷಿಯಲ್ಲನ್ನೇ ಅಡ್ಡಹೆಸರೆಂದು ತಿಳಿದು ತಿರುಗುಮುರುಗು ಮಾಡುತ್ತದೆ. ಲೇಖಕರ ಹೆಸರಿನ ಪಕ್ಕದ ಗುಂಡಿ ಒತ್ತಿ ಒಂದೇ ಖಾನೆಗೆ ಬದಲಿಸಿ, ಬೇಕಾದ ಹಾಗೆ ಬರೆದರೆ ಸರಿಹೋಗುತ್ತದೆ. ಒಂದು ಬರಹ ಬೇರೆಯವರ ಬರಹವನ್ನು ಎಷ್ಟು ಹೋಲುತ್ತದೆ ಎಂದು ತೋರಿಸುವ ಸಾಮ್ಯತೆ ವರದಿಯ ಬಗ್ಗೆಯೂ ತಿಳಿಸುತ್ತೇವೆ: ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಆಕರ ಕೊಟ್ಟು ಉದ್ಧರಿಸಿದ ಭಾಗ ಮತ್ತು ಗ್ರಂಥಋಣ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ನಿಮ್ಮಿಂದ ಬೇಕಾದ ಸಿದ್ಧತೆ. 24 ಜನರ ತಂಡಕ್ಕೆ ಕನಿಷ್ಠ 12 ಕಂಪ್ಯೂಟರ್ ಬೇಕು. ಮೊಬೈಲಿನಲ್ಲಿ ಫಿಲ್ಟರುಗಳು ಮರೆಯಾಗಿ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಲ್ಯಾಬಿನ ಎಲ್ಲ ಕಂಪ್ಯೂಟರುಗಳೂ ಹೊರಜಾಲಕ್ಕೆ ಒಂದೇ ವಿಳಾಸದಿಂದ ಹೋಗುವುದರಿಂದ, ಎಲ್ಲರೂ ಒಟ್ಟಿಗೆ ಸ್ಕಾಲರ್ ಬಳಸಿದರೆ ಅದು ಯಂತ್ರವೆಂದು ಅನುಮಾನಿಸಿ ‘ನೀವು ರೋಬೋಟ್ ಅಲ್ಲವೆಂದು ತೋರಿಸಿ’ ಎಂದು ತಡೆಯುತ್ತದೆ. ಅದಕ್ಕೇ ತಂಡವನ್ನು ಎಂಟೆಂಟು ಜನರ ಮೂರು ಗುಂಪು ಮಾಡಿ, ಸ್ಕಾಲರ್, ಶೋಧಗಂಗಾ, ಎನ್-ಲಿಸ್ಟ್‌ಗಳಲ್ಲಿ 20 ನಿಮಿಷಕ್ಕೊಮ್ಮೆ ಜಾಗ ಬದಲಿಸುತ್ತೇವೆ. ಎನ್-ಲಿಸ್ಟ್ ಸದಸ್ಯ ಕಾಲೇಜುಗಳು ವಿದ್ಯಾರ್ಥಿಗಳ ಲಾಗಿನ್‌ಗಳನ್ನು ಎರಡು ವಾರ ಮೊದಲೇ ಮಾಡಿಸಿಡಿ. ಇಮೇಲ್ ವಿಳಾಸದ ಕೊನೆಯಲ್ಲಿ ‘ಕಾಮ್’ ಬದಲು ‘ಕಾನ್’ ಎಂದು ಟೈಪಾಗಿರುವುದು, ಪಾಸ್‌ವರ್ಡಿನ ಮೇಲ್ ಸ್ಪ್ಯಾಮಿಗೆ ಹೋಗಿರುವುದು, ಈ ಎರಡನ್ನು ಮೊದಲೇ ನೋಡಿದರೆ ತರಗತಿಯ ಅರ್ಧ ಗಂಟೆ ಉಳಿಯುತ್ತದೆ.

ಹಾಜರಾತಿಗೆ ಪ್ರಮಾಣಪತ್ರ ಕೊಡುವುದನ್ನೂ ನಿಲ್ಲಿಸುತ್ತಿದ್ದೇವೆ. ಹುಡುಕಾಟದ ದಾಖಲೆಯನ್ನೂ, ಪರಿಶೀಲಿಸಿದ ಹತ್ತು ಆಕರಗಳನ್ನೂ, ಪ್ರತಿ ಆಕರಕ್ಕೆ ಮೂರು ಸಾಲಿನ ಟಿಪ್ಪಣಿಯನ್ನೂ ಕೊಟ್ಟವರಿಗೆ, ಏಳು ದಿನದೊಳಗೆ ನಾವು ಓದಿ, ತಪ್ಪಿದ್ದರೆ ಒಮ್ಮೆ ತಿದ್ದಿಸಿ, ಆಮೇಲೆ ಕೊಡುತ್ತೇವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯ ಕಡತಕ್ಕೆ ಬೇಕಾದ ಹಾಜರಾತಿ ಪಟ್ಟಿ ಮತ್ತು ವರದಿ ಎಂದಿನಂತೆ ಬರುತ್ತದೆ.

ಶುಲ್ಕ ಒಂದು ದಿನಕ್ಕೆ 5,000 ರೂಪಾಯಿ ಇದ್ದದ್ದು ಈಗ 24 ಜನರ ಒಂದು ತಂಡಕ್ಕೆ, ನಾಲ್ಕೂ ವಾರ ಸೇರಿ, 7,500 ರೂಪಾಯಿ. ಇನ್ನೂರು ಮಕ್ಕಳಿರುವ ಕಾಲೇಜಿಗೆ ಇದು ಬಹಳ ದೊಡ್ಡ ಹೊರೆ ಎಂಬುದನ್ನು ಬಲ್ಲೆವು. ಅಂಥ ಕಡೆ ಒಂದೇ ತಂಡ ತೆಗೆದುಕೊಳ್ಳಿ, ನಿಮ್ಮ ಗ್ರಂಥಪಾಲಕರು ನಾಲ್ಕೂ ತರಗತಿಯಲ್ಲಿ ಕುಳಿತಿರಲಿ. ಕನ್ನಡದ ಅಭ್ಯಾಸ ಹಾಳೆ, ದಾಖಲೆಯ ನಮೂನೆ, ಆರೆಂಟು ನಿಮಿಷದ ವಿಡಿಯೊ ತುಣುಕುಗಳನ್ನು ಅವರಿಗೆ ಉಚಿತವಾಗಿ ಕೊಡುತ್ತೇವೆ. ಉಳಿದ ತಂಡಗಳನ್ನು ಅವರೇ ನಡೆಸಬಹುದು, ನಡುವೆ ಸಂದೇಹ ಬಂದರೆ ನಾವಿದ್ದೇವೆ. ಕಾಲೇಜಿನ ಮಕ್ಕಳ ವಿಷಯಗಳನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಬೇರಿಲ್ಲ.

ಈಗಾಗಲೇ ಹಣ ಕಟ್ಟಿ ದಿನ ಗೊತ್ತುಮಾಡಿರುವ ಕಾಲೇಜುಗಳಿಗೆ ಜೂನ್ 30ರವರೆಗೆ ಹಳೆಯ ಕ್ರಮದಲ್ಲೇ ನಡೆಸಿಕೊಡುತ್ತೇವೆ. ಹೊಸ ಕ್ರಮ ಬೇಕೆಂದರೆ ಮೊದಲ ತಂಡಕ್ಕೆ ಹೆಚ್ಚುವರಿ ಹಣ ಬೇಡ, ಎರಡೂ ಬೇಡವೆಂದರೆ ಪೂರ್ತಿ ಹಣ ವಾಪಸ್ ಮಾಡುತ್ತೇವೆ. ಜುಲೈ ತಂಡಕ್ಕೆ ಜೂನ್ 10ರೊಳಗೆ ಈ ಪತ್ರಕ್ಕೇ ಉತ್ತರಿಸಿ: ವಿದ್ಯಾರ್ಥಿಗಳ ಪಟ್ಟಿ, ಒಬ್ಬೊಬ್ಬರ ಪ್ರಾಜೆಕ್ಟಿನ ವಿಷಯ ಒಂದು ಸಾಲಿನಲ್ಲಿ, ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರುಗಳ ಸಂಖ್ಯೆ, ವಾರದ ಯಾವ ದಿನ ಅನುಕೂಲ ಎಂಬುದು. ವಿಷಯ ಇನ್ನೂ ಖಚಿತವಾಗದ ಮಕ್ಕಳಿದ್ದರೆ ಅವರನ್ನು ಆಗಸ್ಟ್ ತಂಡಕ್ಕೆ ಸೇರಿಸಿ.

ವಂದನೆಗಳೊಂದಿಗೆ,
ಕಾರ್ಯಾಗಾರ ವಿಭಾಗ