ಬೆನ್ನುಚೀಲಕ್ಕೂ ಮೊದಲು ರಜೆಪತ್ರ

ಮಾನ್ಯ ಸಂಪಾದಕರೇ,

ಕೆಲಸಕ್ಕೆ ಆರು ತಿಂಗಳು ರಜೆ ಹಾಕಿ, ಬೆನ್ನಿಗೊಂದು ಚೀಲ ಏರಿಸಿ ಒಂಟಿಯಾಗಿ ಹೊರಡುವವರು ಮೊದಲು ಎಡವುವುದು ದಾರಿಯಲ್ಲಲ್ಲ, ಕಚೇರಿಯಲ್ಲೇ. ‘ಹೋಗಿ ಬನ್ನಿ’ ಎಂಬ ಬಾಯಿಮಾತು ರಜೆಯಾಗುವುದಿಲ್ಲ. ಮರಳಿ ಸೇರುವ ದಿನಾಂಕ, ಅದೇ ಹುದ್ದೆ ಸಿಗುತ್ತದೆಯೇ, ಆರೋಗ್ಯ ವಿಮೆ ಮುಂದುವರಿಯುತ್ತದೆಯೇ ಎಂಬುದೆಲ್ಲ ಬರಹದಲ್ಲಿರಲಿ. ಬಂದ ಮೇಲಿನ ಎರಡು-ಮೂರು ತಿಂಗಳ ಖರ್ಚನ್ನೂ ತೆಗೆದಿಡಬೇಕು.

ಇನ್ನು ಚೀಲ. 40 ಲೀಟರಿನದು ಧಾರಾಳ ಸಾಕು. ದೊಡ್ಡದು ಕೊಂಡರೆ ಅದನ್ನು ತುಂಬಿಸದೆ ಮನಸ್ಸು ಕೇಳುವುದಿಲ್ಲ. ಭಾರದ ವಸ್ತುಗಳು ಬೆನ್ನಿಗೆ ಒತ್ತಿಕೊಂಡು ಚೀಲದ ಮಧ್ಯಭಾಗದಲ್ಲಿರಲಿ. ಹೊರಜೇಬಿಗೆ ತುರುಕಿದರೆ ಚೀಲ ಹಿಂದಕ್ಕೆ ಜಗ್ಗಿ ಭುಜ ನೋಯುತ್ತದೆ. ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಮೊದಲು ಬಿಗಿದು, ಆಮೇಲೆ ಭುಜದ ಪಟ್ಟಿ ಎಳೆಯಬೇಕು. ಹಿಮ್ಮಡಿ ಚುರುಗುಟ್ಟಿದ ಕೂಡಲೇ ನಿಂತು, ಒದ್ದೆ ಕಾಲುಚೀಲ ಬದಲಿಸಿ ಟೇಪ್ ಅಂಟಿಸಿ. ತಂಗುವ ಜಾಗ ಬರಲಿ, ನೋಡೋಣ ಎಂದರೆ ಅಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ.

ಹೊರದೇಶಕ್ಕಾದರೆ, ಪಾಸ್‌ಪೋರ್ಟಿನಲ್ಲಿ ಇನ್ನೂ 6 ತಿಂಗಳ ಅವಧಿ ಉಳಿದಿರಬೇಕೆಂದು ಹಲವು ದೇಶಗಳು ಕೇಳುತ್ತವೆ. ಎರಡು ಬ್ಯಾಂಕ್ ಕಾರ್ಡುಗಳನ್ನು ಬೇರೆಬೇರೆ ಕಡೆ ಇಡಿ. ಒಟಿಪಿ ಬರುವ ಸಿಮ್ ಚಾಲ್ತಿಯಲ್ಲಿರಬೇಕು. ರೀಚಾರ್ಜ್ ಮರೆತು ಸಂಖ್ಯೆ ಕಡಿತವಾದರೆ, ಖಾತೆಯಲ್ಲಿ ಹಣವಿದ್ದರೂ ಆನ್‌ಲೈನ್ ವಹಿವಾಟು ಅಲ್ಲಿಗೇ ನಿಲ್ಲುತ್ತದೆ.

— ಓದುಗರು